ನಿಮಗಿದು ಗೊತ್ತೆ? ನಿದ್ರೆ ಮತ್ತು ಮರಣ ಅವಳಿ ಸಹೋದರರು!

ಪ್ರಾಚೀನ ಗ್ರೀಕ್ ಪುರಾಣದಲ್ಲಿ ನಿದ್ರೆಯ ಅಧಿದೇವತೆ ಹಿಪ್ನೋಸ್ ಮತ್ತು ಮರಣದ ಅಧಿದೇವತೆ ಥಾನಟೋಸ್ ಸಹೋದರರಾಗಿದ್ದು, ಕವಿ ಹೆಸಿಯಡ್ ಇವರನ್ನು ರಾತ್ರಿದೇವತೆಯಾದ ನಿಕ್ಸ್‌ಳ ಮಕ್ಕಳೆಂದು ವರ್ಣಿಸಿದರೆ, ಹೋಮರನ ‘ಇಲಿಯಡ್’ ಮಹಾಕಾವ್ಯವು ಅವಳಿಗಳೆಂದು ಕರೆಯುತ್ತದೆ. ಟ್ರಾಯ್ ಯುದ್ಧದಲ್ಲಿ ಮಡಿದ ಜ್ಯೂಸ್ ದೇವನ ಮಗ ಸಾರ್ಪೆಡಾನನ ದೇಹವನ್ನು ಅವನ ತಾಯ್ನಾಡಾದ ಲಿಸಿಯಾಕ್ಕೆ ಹೊತ್ತೊಯ್ದವರು ಇವರೇ. ಕ್ರಿ.ಪೂ. 515ರ ಸುಮಾರಿನಲ್ಲಿ ಕಲಾವಿದ ಯೂಫ್ರೋನಿಯೋಸ್ ಚಿತ್ರಿಸಿದ ಕ್ರೇಟರ್, ಅಂದರೆ ದ್ರಾಕ್ಷಾರಸಕ್ಕೆ ನೀರು ಬೆರೆಸುವ ದೊಡ್ಡ ಪಾತ್ರೆಯ ಮೇಲೆ, ರೆಕ್ಕೆಗಳುಳ್ಳ ಈ ಸಹೋದರರು ನೆತ್ತರು ಸುರಿಯುತ್ತಿರುವ ಆ ವೀರನನ್ನು ಎರಡು ಬದಿಗಳಿಂದ ಮೇಲೆತ್ತುವ ದೃಶ್ಯವಿದೆ.

ಕ್ರಿ.ಶ. 2ನೇ ಶತಮಾನದ ಪ್ರವಾಸಿ ಲೇಖಕ ಪೌಸೇನಿಯಸ್ ಸ್ಪಾರ್ಟಾದಲ್ಲಿದ್ದ ಇವರಿಬ್ಬರ ಮೂರ್ತಿಗಳನ್ನು ಹೆಸರಿಸಿದ್ದಾನೆ. ಒಲಿಂಪಿಯಾದಲ್ಲಿದ್ದ ದೇವದಾರು ಮರದ ಪೆಟ್ಟಿಗೆಯೊಂದರ ಮೇಲೆ ಈ ಸಹೋದರರನ್ನು ಒಂದು ಕೈಯಲ್ಲಿ ಬಿಳಿಯ ಮಗುವಾಗಿಯೂ ಇನ್ನೊಂದರಲ್ಲಿ ಕಪ್ಪು ಮಗುವಾಗಿಯೂ ಎತ್ತಿಕೊಂಡ ರಾತ್ರಿದೇವತೆಯ ಆಕೃತಿ ಇತ್ತೆಂದೂ ಅವನು ದಾಖಲಿಸಿದ್ದಾನೆ.

ಟ್ರೋಜೆನ್ ನಗರದಲ್ಲಿ ಕಾವ್ಯ-ಕಲೆಗಳ ದೇವತೆಗಳಾದ ಮ್ಯೂಸ್‌ಗಳಿಗೂ ಹಿಪ್ನೋಸ್‌ನಿಗೂ ಒಂದೇ ಬಲಿಪೀಠದಲ್ಲಿ ಬಲಿ ಸಲ್ಲುತ್ತಿತ್ತು. ಆ ದೇವತೆಗಳಿಗೆ ಅತ್ಯಂತ ಪ್ರಿಯನಾದವನು ನಿದ್ರಾದೇವನೇ ಎಂಬುದು ಅಲ್ಲಿನವರ ನಂಬಿಕೆಯಾಗಿತ್ತು. ವೈದ್ಯದೇವ ಅಸ್‌ಕ್ಲೀಪಿಯಸ್‌ನ ಆಲಯಗಳಲ್ಲಿ ರೋಗಿಗಳು ರಾತ್ರಿ ಮಲಗಿ, ಗುಣಪಡಿಸುವ ಕನಸಿಗಾಗಿ ಕಾಯುವ ಪದ್ಧತಿಯಿದ್ದು, ಸಿಕಿಯಾನ್ ನಗರದ ಅಂತಹ ಆಲಯದಲ್ಲಿ ಸಿಂಹವನ್ನು ನಿದ್ದೆಗೊಳಿಸುತ್ತಿರುವ ಹಿಪ್ನೋಸ್‌ನ ಮೂರ್ತಿ ಇತ್ತು.