ಗಡಿಯಾರದ ಚಾವಿ, ಬಿತ್ತನೆಯ ಗಾಲಿ ಮತ್ತು ನಮ್ಮ ಅಡಿಕೆ ಮರ



ಕಾಫಿ, ಅಡಿಕೆಯವರ ಪತ್ರಿಕೆಯಲ್ಲಿ ಗದಗ ಸೀಮೆಯ ಮಾತೇಕೆಂದು ತಾವು ಕೇಳಬಹುದು. ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಕಡೆಯ ಎರೆ, ಮಸಾರಿ ಹೊಲಗಳಲ್ಲಿ ಕಾಫಿ ಬೆಳೆಯುವುದಿಲ್ಲ, ನಿಜ. ಆದರೆ ಅಲ್ಲಿಯ ರೈತರನ್ನೂ ನಮ್ಮನ್ನೂ ಕಾಡುವ ತೊಂದರೆ ಒಂದೇ. ಕೆಲಸಕ್ಕೆ ಹದ ಬಂದ ವಾರದಲ್ಲೇ ಆಳು ಸಿಗುವುದಿಲ್ಲ. ಹೀಗಾಗಿ ಕೈಯಾರೆ ಏನನ್ನಾದರೂ ಮಾಡಿಕೊಳ್ಳುವ ಹವ್ಯಾಸ ಎರಡೂ ಕಡೆ ಇದೆ.

ಗದಗದಿಂದ ಹುಬ್ಬಳ್ಳಿಗೆ ಹೋಗುವ ದಾರಿಯಲ್ಲಿ ಅಣ್ಣಿಗೇರಿ ಇದೆ. ಜಿಲ್ಲೆ ಧಾರವಾಡವಾದರೂ ಹೊಲ, ಬೆಳೆಗಳೆಲ್ಲ ಗದಗದಂತೆಯೇ. ಅಲ್ಲಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಹೊಸ ಕೃಷಿ ಉಪಕರಣಗಳನ್ನು ರೂಪಿಸಿದ್ದಕ್ಕಾಗಿ 2022ರಲ್ಲಿ ಪದ್ಮಶ್ರೀ ಪಡೆದವರು. ಅವರ ಮೊದಲ ಉಪಕರಣ ಹೊಲಕ್ಕೆ ಸಂಬಂಧಿಸಿದ್ದೇ ಅಲ್ಲ. ಗಡಿಯಾರದ ಗಂಟೆ ಬಡಿದರೂ ಬೆಳಿಗ್ಗೆ ಎಚ್ಚರವಾಗುತ್ತಿರಲಿಲ್ಲ. ಗಂಟೆ ಬಡಿಯುವಾಗ ಹಿಂಬದಿಯ ಚಾವಿ ತಿರುಗುತ್ತದಷ್ಟೆ. ಆ ಚಾವಿಗೆ ಒಂದು ದಾರ ಕಟ್ಟಿ, ಇನ್ನೊಂದು ತುದಿಯನ್ನು ನೀರಿನ ಬಾಟಲಿಗೆ ಬಿಗಿದರು. ಚಾವಿ ತಿರುಗಿದಂತೆ ದಾರ ಸುತ್ತಿಕೊಂಡಿತು, ಬಾಟಲಿ ಬಾಗಿತು, ನೀರು ನೇರವಾಗಿ ಮುಖದ ಮೇಲೆ!

ನಗುವ ವಿಷಯವಾದರೂ ಇದರಲ್ಲಿರುವ ಯುಕ್ತಿಯನ್ನು ಗಮನಿಸಬೇಕು. ಹೊಸ ಸ್ಪ್ರಿಂಗ್ ಇಲ್ಲ, ಮೋಟಾರಿಲ್ಲ. ಸುಮ್ಮನೆ ವ್ಯರ್ಥವಾಗುತ್ತಿದ್ದ ತಿರುಗುವಿಕೆಯನ್ನು ಕೆಲಸಕ್ಕೆ ಹಚ್ಚಿದ್ದಾರೆ, ಅಷ್ಟೆ.

ಬಿತ್ತುವ ಯಂತ್ರದಲ್ಲಿಯೂ ಇದೇ ತತ್ವವಿದೆ. ಹಳೆಯ ಕೂರಿಗೆಯಲ್ಲಿ ಎತ್ತುಗಳ ಹಿಂದೆ ನಡೆಯುತ್ತ, ಹೆಚ್ಚಾಗಿ ಹೆಣ್ಣುಮಕ್ಕಳು, ಬಟ್ಟಲಿಗೆ ಕಾಳು ಬಿಡುತ್ತಿದ್ದರು. ಸಾಲು ಒತ್ತಾಗುವುದೂ ತೆಳುವಾಗುವುದೂ ಅವರ ಕೈಯ ಹದಕ್ಕೆ ಸೇರಿದ್ದು. ಬೀಜ, ಗೊಬ್ಬರ ಎರಡನ್ನೂ ಬಿತ್ತುವ ಈಗಿನ ಕೂರಿಗೆಯಲ್ಲಿ ನೆಲದ ಮೇಲೆ ಉರುಳುವ ಗಾಲಿಯೇ ಪೆಟ್ಟಿಗೆಯ ತಳದ ಹಲ್ಲಿನ ಉರುಳೆಯನ್ನು ತಿರುಗಿಸುತ್ತದೆ. ಗಾಲಿ ಬೇಗ ಹೋದರೆ ಬೀಜವೂ ಬೇಗ ಬೀಳುತ್ತದೆ. ಗಾಲಿ ನಿಂತರೆ ಬೀಜವೂ ನಿಲ್ಲುತ್ತದೆ. ಗೊಬ್ಬರ ಮಾತ್ರ ಬೇರೆ ಕೊಳವೆಯಲ್ಲಿ ಇಳಿದು, ಬೀಜಕ್ಕೆ ತಾಗದಂತೆ ಬೀಳಬೇಕು. ತಾಗಿದರೆ ಮೊಳಕೆ ಸುಡುತ್ತದೆ. ನಡಕಟ್ಟಿನ ಅವರ ಹೆಸರು ದೂರ ಹೋಗಿದ್ದು ಇಂಥ ಕೂರಿಗೆಯಿಂದ. ಉಳುಮೆಯ ಅಲಗು ತಯಾರಿಸುವ ಯಂತ್ರ, ಕಬ್ಬು ನೆಡುವ ಯಂತ್ರ, ನೀರು ಕಾಯಿಸುವ ಬಾಯ್ಲರ್ ಕೂಡ ಅವರವೇ.

ಎಲ್ಲವೂ ಸಲೀಸಾಗಿ ಆಯಿತೆಂದು ಮಾತ್ರ ತಿಳಿಯಬಾರದು. ಒಣಭೂಮಿಯಲ್ಲಿ ಹುಣಸೆ ಬೆಳೆದು, ಹಣ್ಣಿನಿಂದ ಬೀಜ ಬೇರ್ಪಡಿಸುವ ಯಂತ್ರದ ಬೆನ್ನು ಹತ್ತಿದಾಗ ಜನ ಅವರನ್ನು ‘ಹುಣಸೆ ಹುಚ್ಚ’ ಎಂದರು. ಸಾಲವೂ ಮೈಮೇಲೆ ಬಂತು. ಯಂತ್ರ ಮಾಡುವ ಉತ್ಸಾಹವಿರುವ ನಮ್ಮ ಸದಸ್ಯರು ಈ ಭಾಗವನ್ನು ಎರಡು ಸಲ ಓದುವುದು ಒಳ್ಳೆಯದು.

ಇನ್ನು ನಮ್ಮ ಮರಕ್ಕೆ ಬರೋಣ. ಬಂಟ್ವಾಳ ತಾಲ್ಲೂಕಿನ ಅಡಿಕೆ ಬೆಳೆಗಾರ ಗಣಪತಿ ಭಟ್ಟರ ಮರವೇರುವ ಬೈಕು 2019ರಲ್ಲಿ ಎಲ್ಲೆಡೆ ಸುದ್ದಿಯಾಯಿತು. ಅದಕ್ಕೆ ಎಂಜಿನ್ ಉಂಟು. ಎಂಜಿನ್ ಇಲ್ಲದ, ಕಾಲಲ್ಲಿ ತುಳಿದು ಏರುವ ಸಾಧನದಲ್ಲಿ ಕೆಲಸ ಮಾಡುವುದು ಏರುವವನ ತೂಕವೇ. ತುಳಿದಾಗ ಉಕ್ಕಿನ ಹಗ್ಗದ ಕುಣಿಕೆ ಕಾಂಡವನ್ನು ಬಿಗಿಯುತ್ತದೆ, ಕಾಲೆತ್ತಿದಾಗ ಸಡಿಲಾಗುತ್ತದೆ. ಗಡಿಯಾರದ ದಾರ ಕಡಿದರೆ ನಿದ್ದೆ ಮುಂದುವರಿಯುತ್ತದೆ, ಈ ಹಗ್ಗ ಕಡಿದರೆ ಮನೆಯ ದೀಪವೇ ಆರುತ್ತದೆ.

ಆದ್ದರಿಂದ ನಾವು ಹೇಳುವುದಿಷ್ಟು. ತೆಂಗಿಗೆ ಮಾಡಿದ ಸಾಧನವನ್ನು ಹಾಗೆಯೇ ಅಡಿಕೆಗೆ ಕಟ್ಟಬೇಡಿ. ಅಡಿಕೆಯ ಕಾಂಡ ಸಣ್ಣದು, ಕುಣಿಕೆ ಪೂರ್ತಿ ಬಿಗಿಯುವುದಿಲ್ಲ. ಹಗ್ಗ ಮಡಿಯುವ ಜಾಗದಲ್ಲಿ ಒಂದು ಎಳೆ ಎದ್ದಿದ್ದರೂ ಗಂಟು ಹಾಕಿ ಸುಧಾರಿಸದೆ ಹೊಸ ಹಗ್ಗ ಹಾಕಿರಿ. ಮನೆಯಲ್ಲಿ ಮಾಡಿದ್ದಾದರೆ ನಿಮ್ಮ ತೂಕಕ್ಕಿಂತ ಹೆಚ್ಚಿನ ಮರಳಿನ ಚೀಲವನ್ನು ಅದಕ್ಕೆ ಕಟ್ಟಿ, ಮೊಣಕಾಲೆತ್ತರದಲ್ಲಿ ಒಂದು ಹಗಲು ಬಿಟ್ಟು ನೋಡಿರಿ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ದಿನಗಳಲ್ಲಿ ಕಾಂಡಕ್ಕೆ ಪಾಚಿ ಹಿಡಿದಿರುತ್ತದೆ. ಬೇಸಿಗೆಯಲ್ಲಿ ಚೆನ್ನಾಗಿ ಏರಿದ ಸಾಧನ ಆಗಲೂ ಏರೀತೆಂದು ನಂಬಬೇಡಿ. ಮುದಿ ಮರ, ಬಾಗಿದ ಮರಗಳಿಗೆ ಏರುವುದೇ ಬೇಡ, ನೆಲದಲ್ಲಿ ನಿಂತು ಕೊಯ್ಯುವ ಫೈಬರ್ ದೋಟಿ ಈಗ ಸಿಗುತ್ತದೆ.

ದೋಟಿಯ ಬೆಲೆ ಒಬ್ಬ ಸಣ್ಣ ಬೆಳೆಗಾರನಿಗೆ ಭಾರವೇ. ಈ ವಿಷಯದಲ್ಲಿಯೂ ಗದಗ ಸೀಮೆ ನೆನಪಾಗುತ್ತದೆ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದು, ಒಬ್ಬನಿಂದಾಗದ್ದನ್ನು ಹತ್ತು ಮಂದಿ ಕೂಡಿ ಮಾಡಲೆಂದೇ. ಅಕ್ಕಪಕ್ಕದ ನಾಲ್ಕಾರು ತೋಟದವರು ಸೇರಿ ಒಂದು ದೋಟಿ ಕೊಂಡರೆ, ಯಾರ ಗೊನೆ ಮೊದಲು ಎಂಬ ಸಣ್ಣ ಜಗಳ ಹುಟ್ಟೀತು. ಆ ಜಗಳವನ್ನು ಕೊಯ್ಲಿಗೆ ಮೊದಲೇ, ಸರದಿ ಬರೆದಿಟ್ಟು ಮುಗಿಸಿಕೊಳ್ಳಿರಿ.