ಒಣಗಿದ ಚರ್ಮ, ಬಿರಿದ ಹಿಮ್ಮಡಿ: ಮನೆಯಲ್ಲೇ ಆರೈಕೆ



ಮಳೆಗಾಲ ಮುಗಿದು ನವೆಂಬರ್ ಕಳೆಯುತ್ತಿದ್ದಂತೆ ಗೋವಾದ ಗಾಳಿಯಲ್ಲಿ ತೇವ ಕಡಿಮೆಯಾಗುತ್ತದೆ. ತುಟಿ ಒಡೆಯುತ್ತದೆ, ಮೊಣಕಾಲಿನ ಕೆಳಗೆ ಚರ್ಮ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ, ಹಿಮ್ಮಡಿ ಬಿರಿಯುತ್ತದೆ. ಇದೇ ಹೊತ್ತಿಗೆ ವಾಯಂಗಣ್ ಭತ್ತದ ಕೆಲಸವೂ ಶುರುವಾಗುತ್ತದೆ. ಬೆಳಿಗ್ಗೆ ಕೆಸರಿನಲ್ಲಿ ನೆನೆದ ಕಾಲು ಮಧ್ಯಾಹ್ನ ಬಿಸಿಲಲ್ಲಿ ಒಣಗುತ್ತದೆ, ಮತ್ತೆ ನೆನೆಯುತ್ತದೆ. ಹೀಗೆ ಪದೇ ಪದೇ ನೆನೆದು ಒಣಗುವುದು ಬರೀ ಒಣಗಾಳಿಗಿಂತ ಹೆಚ್ಚು ಕೆಡುಕು ಮಾಡುತ್ತದೆ. "ಪ್ರತಿ ವರ್ಷ ಬರುವುದೇ, ಇದೇನು ಕಾಯಿಲೆಯೇ?" ಎಂದು ನಾವು ಸುಮ್ಮನಿರುತ್ತೇವೆ. ಹಾಗೆ ಸುಮ್ಮನಿರಬಾರದು ಏಕೆ ಎಂಬುದನ್ನು ಈ ಸಲ ತಿಳಿಯೋಣ.

ಚರ್ಮವೆಂಬ ಕಟ್ಟೆ

ಇಲ್ಲಿಯವರು ಖಾಜನ್ ಎನ್ನುವ, ಉತ್ತರ ಕನ್ನಡದವರು ಗಜನಿ ಎನ್ನುವ ಗದ್ದೆಗಳನ್ನು ನೀವು ಬಲ್ಲಿರಿ. ಮಣ್ಣಿನ ಕಟ್ಟೆ ಗಟ್ಟಿಯಾಗಿರುವ ತನಕ ಹೊಳೆಯ ಉಪ್ಪುನೀರು ಒಳಗೆ ಬಾರದು. ಏಡಿ ಒಂದು ತೂತು ಕೊರೆದರೆ ಸಾಕು, ಬೆಳೆಯೇ ಹೋಗುತ್ತದೆ. ಚರ್ಮದ ಮೇಲ್ಪದರವೂ ಅಂಥದೇ ಕಟ್ಟೆ. ಸತ್ತ ಜೀವಕೋಶಗಳು ಇಟ್ಟಿಗೆಯಂತೆ ಜೋಡಿಸಿಕೊಂಡಿರುತ್ತವೆ. ಅವುಗಳ ನಡುವಿನ ಜಿಡ್ಡು ಗಾರೆಯಂತೆ ಕೆಲಸ ಮಾಡುತ್ತದೆ. ಒಳಗಿನ ನೀರನ್ನು ಹೊರಬಿಡದೆ, ಹೊರಗಿನ ರೋಗಾಣುವನ್ನು ಒಳಬಿಡದೆ ಕಾಯುವುದು ಈ ಜಿಡ್ಡೇ.

ಸುಡುನೀರಿನ ಸ್ನಾನ, ಖಾರವಾದ ಬಟ್ಟೆ ಸೋಪು, ಉಪ್ಪಿನ ಆಗರದ ನೀರು, ಸಿಮೆಂಟು, ಕೀಟನಾಶಕ ಇವೆಲ್ಲ ಈ ಗಾರೆಯನ್ನು ತೊಳೆದುಬಿಡುತ್ತವೆ. ವಯಸ್ಸಾದವರಲ್ಲಿ ಜಿಡ್ಡು ತಾನಾಗಿಯೇ ಕಡಿಮೆಯಾಗುತ್ತದೆ.

ಕಟ್ಟೆ ಒಡೆದರೆ ಏನಾಗುತ್ತದೆ? ಇಲಿಯ ಮೂತ್ರ ಬೆರೆತ ಗದ್ದೆಯ ನೀರಿನಿಂದ ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್, ಬಿರುಕಿನ ಮೂಲಕವೇ ದೇಹವನ್ನು ಹೊಗುತ್ತದೆ. ಮಣ್ಣು, ಸಗಣಿಯಲ್ಲಿರುವ ಧನುರ್ವಾಯು ರೋಗಾಣುವಿಗೂ ಆಳವಾದ ಬಿರುಕು ದಾರಿಯೇ. ಗದ್ದೆಗಿಳಿದ ಕೆಲವು ದಿನ ಅಥವಾ ವಾರಗಳಲ್ಲಿ ಜೋರು ಜ್ವರ, ತಲೆನೋವು, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪಾಗುವುದು ಕಂಡರೆ ಕಷಾಯ ಕುಡಿದು ಕೂರಬೇಡಿ. ಅದೇ ದಿನ ವೈದ್ಯರ ಬಳಿ ಹೋಗಿ, ಗದ್ದೆಯಲ್ಲಿ ಕೆಲಸ ಮಾಡಿದ್ದನ್ನು ಹೇಳಿ.

ಮನೆಯಲ್ಲಿ ಮಾಡಬೇಕಾದದ್ದು

1. ಉಗುರುಬೆಚ್ಚಗಿನ ನೀರಿನಲ್ಲಿ ಐದು ಹತ್ತು ನಿಮಿಷ ಸ್ನಾನ ಸಾಕು. ಸೋಪನ್ನು ಕಂಕುಳು, ತೊಡೆಸಂದು, ಪಾದ ಮತ್ತು ಕೊಳೆಯಾದ ಜಾಗಕ್ಕೆ ಮಾತ್ರ ಹಚ್ಚಿ. ಬಟ್ಟೆ ಸೋಪನ್ನು ಮೈಗೆ ಬಳಸಬೇಡಿ.

2. ಟವೆಲಿನಿಂದ ತಿಕ್ಕದೆ ಒತ್ತಿ ಒರೆಸಿಕೊಳ್ಳಿ. ಮೈಯಲ್ಲಿ ಇನ್ನೂ ತೇವ ಇರುವಾಗಲೇ, ಎರಡು ಮೂರು ನಿಮಿಷಗಳೊಳಗೆ, ತೆಂಗಿನೆಣ್ಣೆ ಅಥವಾ ವ್ಯಾಸಲಿನ್ ಹಚ್ಚಿ. ಎಣ್ಣೆ ತಾನಾಗಿ ನೀರು ಕೊಡುವುದಿಲ್ಲ. ಇರುವ ನೀರನ್ನು ಹಿಡಿದಿಡುತ್ತದೆ. ಒಣಗಿದ ಮೈಗೆ ಹಚ್ಚಿದರೆ ಅರ್ಧ ಫಲ ಮಾತ್ರ.

3. ಬಿರಿದ ಹಿಮ್ಮಡಿಗೆ ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ಹದಿನೈದು ನಿಮಿಷ ಕಾಲಿಡಿ. ಪಾದ ಉಜ್ಜುವ ಕಲ್ಲಿನಿಂದ ಮೃದುವಾಗಿ ತಿಕ್ಕಿ, ಒರೆಸಿ, ಮುರುಗಲ ತುಪ್ಪ ಹಚ್ಚಿ, ಹತ್ತಿಯ ಕಾಲುಚೀಲ ಹಾಕಿ ಮಲಗಿ. ಗೋವಾದಲ್ಲಿ ಭಿರಂಡೇಲ್ ಎನ್ನುವುದು ಇದನ್ನೇ. ಬೇಸಿಗೆಯಲ್ಲಿ ಮುರುಗಲ ಹಣ್ಣಿನ ಸಿಪ್ಪೆ ಒಣಗಿಸುವಾಗ ಬೀಜ ಎಸೆಯಬೇಡಿ. ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಜಿಡ್ಡು ಮೇಲೆ ತೇಲುತ್ತದೆ. ಆರಿದ ಮೇಲೆ ಅದು ಗಟ್ಟಿಯಾಗುತ್ತದೆ, ಉಂಡೆ ಕಟ್ಟಿ ಇಡಬಹುದು. ಬೇಕಾದಾಗ ಸ್ವಲ್ಪ ಬಿಸಿಮಾಡಿ ಕರಗಿಸಿದರಾಯಿತು.

4. ಗಟ್ಟಿಯಾದ ಹಿಮ್ಮಡಿಗೆ ಔಷಧಿ ಅಂಗಡಿಯ ಯೂರಿಯಾ ಕ್ರೀಮ್ ಒಳ್ಳೆಯದು. ಹೌದು, ಗದ್ದೆಗೆ ಹಾಕುವ ಯೂರಿಯಾವೂ ಮೂಲತಃ ಅದೇ ವಸ್ತು. ಹಾಗೆಂದು ಗೊಬ್ಬರವನ್ನು ಕರಗಿಸಿ ಹಚ್ಚಿಕೊಳ್ಳಬೇಡಿ. ಗೊಬ್ಬರದ ಯೂರಿಯಾಕ್ಕೆ 2015ರಿಂದ ಬೇವಿನೆಣ್ಣೆ ಲೇಪನ ಕಡ್ಡಾಯವಾಗಿದೆ. ಅದು ಔಷಧಿಯ ಶುದ್ಧಿಯದೂ ಅಲ್ಲ, ಅಳತೆಯದೂ ಅಲ್ಲ.

5. ಕೆಲಸಕ್ಕೆ ಹೋಗುವಾಗ ಗಮ್ ಬೂಟು ಹಾಕಿ. ಸಿಕ್ಕದಿದ್ದರೆ ಬಿರುಕಿಗೆ ಪಟ್ಟಿ ಕಟ್ಟಿ, ಮೇಲೆ ವ್ಯಾಸಲಿನ್ ಬಳಿದಾದರೂ ಇಳಿಯಿರಿ. ಬಂದ ಕೂಡಲೇ ಶುದ್ಧ ನೀರಿನಲ್ಲಿ ಕಾಲು ತೊಳೆದು, ಬೆರಳ ಸಂದು ಒರೆಸಿಕೊಳ್ಳಿ. ಬೆರಳ ಸಂದಿಗೆ ಎಣ್ಣೆ ಬೇಡ. ಅಲ್ಲಿ ತೇವ ನಿಂತರೆ ಬೂಸು ಹಿಡಿಯುತ್ತದೆ.

ಗೋಡಂಬಿ ಕೆಲಸದವರಿಗೆ

ಮಾರ್ಚಿನಿಂದ ಮೇ ತನಕ ಗೋಡಂಬಿ ಕಾಲ. ಬೀಜದ ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ. ಅಂಗೈ ಕಪ್ಪಾಗಿ ಸುಲಿಯುವುದು ಒಣಚರ್ಮವಲ್ಲ, ಸುಟ್ಟ ಗಾಯ. ಬೀಜ ಒಡೆಯುವಾಗ ಕೈಗವಸು ಹಾಕಬೇಕು. ಕಲೆ ತೆಗೆಯಲು ಸೀಮೆಎಣ್ಣೆಯಲ್ಲಿ ಕೈ ತೊಳೆಯಬೇಡಿ, ನಿಂಬೆ ತಿಕ್ಕಿ ಬಿಸಿಲಿಗೆ ಹೋಗಬೇಡಿ. ಎರಡೂ ಇದ್ದ ಗಾಯವನ್ನು ಹೆಚ್ಚಿಸುತ್ತವೆ. ತೆಂಗಿನೆಣ್ಣೆ ಹಚ್ಚಿ ಕಲೆ ಸಡಿಲಿಸಿ, ಆಮೇಲೆ ಮೃದು ಸೋಪಿನಿಂದ ತೊಳೆಯಿರಿ.

ಪಾದಯಾತ್ರಿಗಳಿಗೆ

ಸಂತ ಫ್ರಾನ್ಸಿಸ್ ಕ್ಸೇವಿಯರರ ನೊವೇನಾ ನವೆಂಬರ್ 24ಕ್ಕೆ ಆರಂಭ, ಹಬ್ಬ ಡಿಸೆಂಬರ್ 3ಕ್ಕೆ. ಹಳೆ ಗೋವಾಕ್ಕೆ ನಡೆದು ಬರುವ ನಮ್ಮವರು ಮೂರು ವಾರ ಮೊದಲೇ ಹಿಮ್ಮಡಿಯ ಆರೈಕೆ ಶುರುಮಾಡಲಿ. ಸಕ್ಕರೆ ಕಾಯಿಲೆ ಇರುವವರು ಬರಿಗಾಲಿನಲ್ಲಿ ನಡೆಯಲೇಬಾರದು. ಅವರ ಪಾದಕ್ಕೆ ನೋವು ತಿಳಿಯದೆ ಹೋಗಬಹುದು. ಸಣ್ಣ ಬಿರುಕು ಕೊಳೆತು ಬೆರಳು, ಕಾಲನ್ನೇ ಕತ್ತರಿಸಬೇಕಾದ ಸ್ಥಿತಿ ಬರಬಹುದು. ಅವರು ದಿನವೂ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಲಿ. ಕಾಲನ್ನು ನೀರಿನಲ್ಲಿ ನೆನೆಸಿಡುವುದು ಅವರಿಗೆ ಬೇಡ. ತೊಳೆದು ಒರೆಸಿ ಜಿಡ್ಡು ಹಚ್ಚಿದರೆ ಸಾಕು. ಬ್ಲೇಡಿನಿಂದ ಚರ್ಮ ಹೆರೆಯುವುದು ಯಾರಿಗೂ ಬೇಡ.

ಎಣ್ಣೆಗೆ ಬಗ್ಗದ ಚರ್ಮ

ಎಲ್ಲ ಒಣಚರ್ಮವೂ ಒಂದೇ ಅಲ್ಲ. ಮನೆಯ ಹಲವರಿಗೆ ರಾತ್ರಿ ಹೊತ್ತು ಬೆರಳ ಸಂದಿಯಲ್ಲಿ ತುರಿಕೆಯಾದರೆ ಅದು ಕಜ್ಜಿ. ಮನೆಮಂದಿಯೆಲ್ಲ ಒಟ್ಟಿಗೆ ಔಷಧಿ ಮಾಡಬೇಕು. ಉಂಗುರದಂತೆ ಹಬ್ಬುವ ಗಜಕರ್ಣಕ್ಕೆ ಅಂಗಡಿಯವರು ಕೊಡುವ ಸ್ಟೆರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಮೊದಲು ಇಳಿದಂತೆ ಕಂಡು ಆಮೇಲೆ ಇಮ್ಮಡಿಯಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಚರ್ಮದ ಒಂದು ಭಾಗ ಬಣ್ಣ ಮಾಸಿ ಅಥವಾ ಕೆಂಪಾಗಿ, ಬೆವರದೆ ಒಣಗಿ, ಮುಟ್ಟಿದರೆ ತಿಳಿಯದಂತಾದರೆ ಅದು ಕುಷ್ಠರೋಗವಾಗಿರಬಹುದು. ದೇಶಮಟ್ಟದಲ್ಲಿ ಇದು ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಉಳಿದಿಲ್ಲವೆಂದು 2005ರ ಡಿಸೆಂಬರ್‌ನಲ್ಲಿ ಗುರುತಿಸಲಾಯಿತು. ಆದರೂ ಹೊಸ ರೋಗಿಗಳು ಇಂದಿಗೂ ಸಿಗುತ್ತಿದ್ದಾರೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಹುಔಷಧ ಚಿಕಿತ್ಸೆ ಉಚಿತ. ರೋಗದ ಬಗೆಯಂತೆ ಆರು ಅಥವಾ ಹನ್ನೆರಡು ತಿಂಗಳಲ್ಲಿ ಪೂರ್ತಿ ಗುಣವಾಗುತ್ತದೆ. ಬೇಗ ಬಂದರೆ ಅಂಗವೈಕಲ್ಯವೂ ತಪ್ಪುತ್ತದೆ. ನಾಚಿಕೆಯಿಂದ ಮುಚ್ಚಿಟ್ಟರೆ ಮಾತ್ರ ಕಷ್ಟ. ಮದುವೆ ಸಂಬಂಧ ತಪ್ಪೀತೆಂದು ಯಾವ ತಾಯಿಯೂ ಮಗಳ ಇಂಥ ಕಲೆಯನ್ನು ಮುಚ್ಚಿಡದಿರಲಿ. ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜಿನಲ್ಲಿ ಚರ್ಮರೋಗ ವಿಭಾಗವಿದೆ.

ಎರಡು ವಾರ ಮೇಲಿನಂತೆ ಆರೈಕೆ ಮಾಡಿಯೂ ಚರ್ಮ ಮೃದುವಾಗದಿದ್ದರೆ, ರಕ್ತ ಅಥವಾ ಕೀವು ಬಂದರೆ, ವೈದ್ಯರಿಗೆ ತೋರಿಸಿ. ಇಂದು ರಾತ್ರಿ ಮಲಗುವ ಮುಂಚೆ ಮನೆಯ ಹಿರಿಯರ ಪಾದವನ್ನು ದೀಪದ ಬೆಳಕಿನಲ್ಲಿ ಒಮ್ಮೆ ನೋಡಿ. ಅವರಾಗಿ ಹೇಳಿಕೊಳ್ಳುವುದಿಲ್ಲ, ಬಗ್ಗಿ ನೋಡಿಕೊಳ್ಳಲೂ ಅವರಿಗೆ ಆಗುವುದಿಲ್ಲ.