ತುಪ್ಪದ ಕೊಳವೂ ಮಾರಿಕಣಿವೆಯ ಮೀನೂ

ಚಿತ್ರದುರ್ಗದ ಕೋಟೆಯನ್ನು ಕಂಡವರಿಗೆ ತುಪ್ಪದ ಕೊಳದ ಹೆಸರು ಹೊಸದಲ್ಲ. ಬಂಡೆಯ ಮೈಯಲ್ಲಿ ಕಡಿದಿರುವ ಕಚ್ಚುಗಳಿಗೆ ಕೈಕಾಲು ಕೊಟ್ಟು ಏರಬೇಕಾದ ಕಡಿದಾದ ಗುಡ್ಡವದು; ನೆತ್ತಿಯ ಮೇಲೆ ಬತೇರಿ. ಪಾಳೆಯಗಾರರ ಕಾಲದಲ್ಲಿ ಅಲ್ಲಿ ತುಪ್ಪವನ್ನು ಕೂಡಿಡುತ್ತಿದ್ದರೆಂದು ಪ್ರತೀತಿ. ಪ್ರತಿವರ್ಷವೂ ನನ್ನ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದು, ದುರ್ಗದ ಕತೆಯನ್ನು ಹೇಳುವುದು ನನಗೊಂದು ವ್ರತವೇ ಆಗಿದೆ. ಕಳೆದ ವರ್ಷ ಮಾತ್ರ ಆ ಗುಡ್ಡದ ಬುಡವನ್ನು ಮುಟ್ಟುವ ಮೊದಲೇ ಎದೆ ಬಿಗಿಯಿತು. ಕಣ್ಣಿಗೆ ಕತ್ತಲೆ ಕವಿದಂತಾಯಿತು. ಹುಡುಗರು ಕೈಹಿಡಿದು ನೆರಳಿಗೆ ಕೂರಿಸಿದರು. ಮದಕರಿನಾಯಕನ ಕತೆ ಅಂದು ಅರ್ಧಕ್ಕೇ ನಿಂತಿತು.

ವೈದ್ಯರು ಹೃದಯದ ಬಡಿತವನ್ನು ಕಾಗದದ ಮೇಲೆ ಬರೆಯಿಸಿ ನೋಡಿ, ಸದ್ಯಕ್ಕೆ ಭಯವಿಲ್ಲವೆಂದರು. ರಕ್ತಪರೀಕ್ಷೆಯ ಫಲ ಮರುದಿನ ಬಂದಿತು. ಒಟ್ಟು ಕೊಲೆಸ್ಟರಾಲ್ 264, ಅದರಲ್ಲಿ ಕೆಟ್ಟದ್ದೆಂದು ಹೆಸರಾದ ಎಲ್‌ಡಿಎಲ್ 182, ಟ್ರೈಗ್ಲಿಸರೈಡ್ 210. ಮೊದಲನೆಯದು 200ಕ್ಕೂ, ಎರಡನೆಯದು 100ಕ್ಕೂ, ಮೂರನೆಯದು 150ಕ್ಕೂ ಒಳಗಿದ್ದರೆ ಒಳ್ಳೆಯದಂತೆ. ಅಂಕಗಳು ಹೆಚ್ಚಿದಷ್ಟೂ ಸಂತೋಷಪಡುವುದನ್ನೇ ಜೀವನವಿಡೀ ಕಲಿಸಿಕೊಂಡು ಬಂದ ನನಗೆ ಈ ಪರೀಕ್ಷೆಯ ರೀತಿ ವಿಚಿತ್ರವೆನಿಸಿತು. ಆದರೆ ನಗು ಬರಲಿಲ್ಲ. ನನ್ನ ತಂದೆ ಹೊಲದ ಬದುವಿನ ಮೇಲೆ ಕುಳಿತವರು ಏಳದೆಹೋದಾಗ ಅವರಿಗೆ ಐವತ್ತೊಂದು. ನನಗೀಗ ನಲವತ್ತಾರು.

ವೈದ್ಯರು ಮೂರು ತಿಂಗಳ ಅವಧಿ ಕೊಟ್ಟು, ಅಚ್ಚುಹಾಕಿಸಿದ ಒಂದು ಹಾಳೆಯನ್ನು ಕೈಗಿತ್ತರು. ಮೊದಲ ಎರಡು ಸಾಲುಗಳ ಸಾರ ಇಷ್ಟು: ಚೀಸನ್ನು ಕಡಿಮೆ ಮಾಡಿ, ಮೀನನ್ನು ಹೆಚ್ಚು ಮಾಡಿ. ಓದಿ ಮನೆಯವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ನಮ್ಮ ಮನೆಯಲ್ಲಿ ಮೀನು ಬೇಯುವುದಿಲ್ಲ. ಚೀಸೆಂಬುದು ಮಕ್ಕಳು ಎಂದೋ ಬೇಕರಿಯಿಂದ ತರುವ ಹಳದಿಯ ಬಿಲ್ಲೆ. ಅದನ್ನು ಬಿಡುವುದು ನನ್ನ ಪಾಲಿಗೆ ಆನೆ ಸಾಕುವುದನ್ನು ಬಿಟ್ಟಷ್ಟೇ ಸುಲಭದ ತ್ಯಾಗ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹಳ್ಳಿಗಳಲ್ಲಿ ಹಾಲನ್ನು ಒಡೆಸಿ ಗಟ್ಟಿಮಾಡಿ ತಿಂಗಳುಗಟ್ಟಲೆ ಇಟ್ಟುಕೊಂಡವರನ್ನು ನಾನು ಕಂಡಿಲ್ಲ. ನಮ್ಮದು ಹೆಪ್ಪು ಹಾಕುವ, ಕಡೆಯುವ, ಕಾಯಿಸುವ ಸೀಮೆ. ಬೆಣ್ಣೆದೋಸೆಗೆ ಹೆಸರಾದ ದಾವಣಗೆರೆಯೂ 1997ರವರೆಗೆ ನಮ್ಮ ಜಿಲ್ಲೆಯೇ ಆಗಿತ್ತು. ಜಿಲ್ಲೆ ಒಡೆದರೂ ನಾಲಗೆ ಒಡೆಯಲಿಲ್ಲ.

ಆದುದರಿಂದ ಆ ಹಾಳೆಗೆ ನಾನೇ ಒಂದು ವ್ಯಾಖ್ಯಾನ ಬರೆಯಬೇಕಾಯಿತು. ಚೀಸ್ ಎಂದಿರುವೆಡೆ ತುಪ್ಪವೆಂದು ಓದಿಕೊಂಡೆ. ಹಾಗೆ ಓದಿಕೊಂಡದ್ದು ತಪ್ಪಾಗಲಿಲ್ಲ. ಅಷ್ಟೇ ಕೊಬ್ಬನ್ನು ಬೆಣ್ಣೆಯ ರೂಪದಲ್ಲಿ ತಿಂದರೆ ಚೀಸಿಗಿಂತಲೂ ಹೆಚ್ಚಾಗಿ ಎಲ್‌ಡಿಎಲ್ ಏರುತ್ತದೆಂದು ಈಚಿನ ಪರೀಕ್ಷೆಗಳು ತೋರಿಸಿವೆಯೆಂದು ಮುಂದೆ ವೈದ್ಯರೇ ಹೇಳಿದರು.

ಕನ್ನಡ ಮೇಷ್ಟರಿಗೆ ರೋಗ ಬಂದರೂ ಮೊದಲು ಕೆದಕುವುದು ನಿಘಂಟನ್ನೇ. ನಮ್ಮ ಹಿರಿಯರಿಗೆ ಜಿಡ್ಡೆಲ್ಲವೂ 'ನೆಯ್'. ಎಳ್ಳಿನ ನೆಯ್ ಎಣ್ಣೆಯಾಯಿತು. ಬೆಳ್ಳನೆಯ ನೆಯ್ ಬೆಣ್ಣೆಯಾಯಿತು. ಕೊಲೆಸ್ಟರಾಲ್ ಎಂಬ ಪದದಲ್ಲಿಯೂ ಇಂಥದೇ ಸಮಾಸವಿದೆ: ಗ್ರೀಕರ 'ಖೊಲೆ' ಎಂದರೆ ಪಿತ್ತ, 'ಸ್ಟೆರಿಯೋಸ್' ಎಂದರೆ ಘನ. ಪಿತ್ತಕೋಶದ ಕಲ್ಲುಗಳಲ್ಲಿ ಅದು ಮೊದಲು ಕಂಡದ್ದರಿಂದ ಈ ಹೆಸರು. ಅದು ಶತ್ರುವೂ ಅಲ್ಲ. ಜೀವಕೋಶದ ಪೊರೆಗೆ ಅದು ಬೇಕೇಬೇಕು. ಬಹುಪಾಲನ್ನು ನಮ್ಮ ಯಕೃತ್ತೇ ತಯಾರಿಸಿಕೊಳ್ಳುತ್ತದೆ. ರಕ್ತದಲ್ಲಿ ತಿರುಗುವ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಕ್ಕೆಳೆದುಕೊಳ್ಳುವ ಕೊಂಡಿಗಳು ಯಕೃತ್ತಿನಲ್ಲಿವೆ. ಅವನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನರಿಗೆ 1985ರಲ್ಲಿ ನೊಬೆಲ್ ಬಹುಮಾನ ಸಂದಿತು. ತುಪ್ಪದಂಥ ಪರ್ಯಾಪ್ತ ಕೊಬ್ಬು ಹೆಚ್ಚಾದರೆ ಈ ಕೊಂಡಿಗಳ ಕೆಲಸ ಕುಂದುತ್ತದೆ. ಕಣಗಳು ಹೋಗಲು ಮನೆಯಿಲ್ಲದೆ ರಕ್ತದಲ್ಲೇ ಅಲೆಯುತ್ತವೆ, ಕಡೆಗೆ ನಾಳಗಳ ಗೋಡೆಗೆ ಸೇರುತ್ತವೆ.

ತುಪ್ಪದ ಕೊಬ್ಬಿನಲ್ಲಿ ನೂರಕ್ಕೆ ಸುಮಾರು 60 ಪಾಲು ಈ ಜಾತಿಯದು. ನೆರೆಯ ಚಳ್ಳಕೆರೆಗೆ ಎಣ್ಣೆಯ ಊರೆಂದು ಹೆಸರು ತಂದ ಕಡಲೆಕಾಯಿಯ ಎಣ್ಣೆಯಲ್ಲಿ ಅದು ಐದರಲ್ಲೊಂದು ಪಾಲನ್ನು ಮೀರದು. ಕೊಬ್ಬರಿ ಎಣ್ಣೆಯಲ್ಲಾದರೋ ಹತ್ತಿರ ಹತ್ತಿರ 90. ಹೊಸದುರ್ಗದ ತೆಂಗಿನ ಸೀಮೆಯ ಮಿತ್ರರು ಈ ವಾಕ್ಯಕ್ಕಾಗಿ ನನ್ನನ್ನು ಕ್ಷಮಿಸಬೇಕು.

ಇನ್ನು ಮೀನಿನ ಮಾತು. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯ ಬಳಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಅವನ ಮನೆತನದ ಕಸುಬು ಮೀನು ಹಿಡಿಯುವುದು. ಒಂದು ಭಾನುವಾರ ಅವನಲ್ಲಿಗೆ ಹೋದೆ. ಎರಡು ಗುಡ್ಡಗಳ ನಡುವೆ ವೇದಾವತಿಯನ್ನು ತಡೆದು ನಿಂತ ಆ ಅಣೆಕಟ್ಟೆಯ ಕೆಲಸ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ರಾಜಪ್ರತಿನಿಧಿಯಾಗಿದ್ದ ಮಹಾರಾಣಿಯವರ ಬಿರುದಿನಿಂದ ವಾಣೀವಿಲಾಸ ಸಾಗರವೆಂದು ಹೆಸರಾಯಿತು. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ ಕಾದ ಆ ನೀರನ್ನು ನೋಡಲು ನಾಲ್ಕೂ ತಾಲ್ಲೂಕುಗಳ ಜನ ಜಾತ್ರೆಯಂತೆ ನೆರೆದದ್ದನ್ನು ನಾನೂ ಕಂಡಿದ್ದೇನೆ.

ಅಂದು ಬೆಳಗ್ಗೆ ಹರಿಗೋಲು ದಡಕ್ಕೆ ಬಂದಾಗ ಬಲೆಯಲ್ಲಿದ್ದುವು ಕಾಟ್ಲಾ, ರೋಹು, ಒಂದಿಷ್ಟು ಜಿಲೇಬಿ. ಹೆಸರೇ ಹೇಳುವಂತೆ ಮೊದಲಿನೆರಡು ಇಲ್ಲಿಯವಲ್ಲ. ಗಂಗೆಯ ಸೀಮೆಯಿಂದ ಬಂದ ಅಳಿಯಂದಿರು. ನಿಂತ ನೀರಿನಲ್ಲಿ ಇವು ಮೊಟ್ಟೆಯಿಡುವುದಿಲ್ಲ. 1957ರಲ್ಲಿ ಹೀರಾಲಾಲ್ ಚೌಧುರಿಯವರು ಒಡಿಶಾದಲ್ಲಿ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಇಂಥ ಮೀನುಗಳು ಕೊಳದಲ್ಲೇ ಮೊಟ್ಟೆಯಿಡುವಂತೆ ಮಾಡಿದರು. ಆ ಬಳಿಕವೇ ದೇಶದ ಕೆರೆಗಳಿಗೆಲ್ಲ ಮರಿ ಬಿಡುವುದು ಸಲೀಸಾಯಿತು. ಆ ಜುಲೈ 10ರ ದಿನವನ್ನು ಮೀನುಕೃಷಿಕರ ದಿನವೆಂದು ದೇಶ ಇಂದಿಗೂ ಆಚರಿಸುತ್ತದೆ.

ಕಟ್ಟೆಯ ಸಮೀಪದ ಅಂಗಡಿಯೊಂದರಲ್ಲಿ ಕೆಂಪು ಮಸಾಲೆ ಮೆತ್ತಿದ ತುಂಡುಗಳು ಕಪ್ಪಾದ ಎಣ್ಣೆಯಲ್ಲಿ ಕುಣಿಯುತ್ತಿದ್ದುವು. "ಹೀಗೆ ತಿಂದರೆ ಕೊಲೆಸ್ಟರಾಲ್ ಇಳಿಯುತ್ತದೆಯೇ?" ಎಂದೆ. ಶಿಷ್ಯ ನಕ್ಕ. "ನಮ್ಮ ತಾತ ದಿನಾ ಮೀನು ತಿಂದರು ಸಾರ್, ತೊಂಬತ್ತು ದಾಟಿದರು. ಆದರೆ ಸಾರು ಮಾಡಿ ತಿಂದರು. ದಿನಾ ಹರಿಗೋಲಿನಲ್ಲಿ ಹುಟ್ಟೂ ಹಾಕಿದರು." ಅವನ ತಾಯಿ ನನಗೆ ಬೇರೆ ಒಲೆಯಲ್ಲಿ ಮುದ್ದೆಯನ್ನೂ ಸೊಪ್ಪಿನ ಸಾರನ್ನೂ ಮಾಡಿ ಬಡಿಸಿದರು. ಪಕ್ಕದ ತಟ್ಟೆಯಿಂದ ಬಂದ ವಾಸನೆ ನನಗೆ ಅಸಹ್ಯವೆನಿಸಲಿಲ್ಲ. ಇಷ್ಟನ್ನು ಮಾತ್ರ ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಮೀನು ನಮಗೆ ಪರಕೀಯವೆಂಬ ಭಾವನೆಗೆ ನಮ್ಮ ಪರಂಪರೆಯ ಬೆಂಬಲವಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ಮೀನಿನ ಅಡುಗೆಯೂ ಉಂಟು, ಗಾಳ ಹಾಕುವ ವಿನೋದಕ್ಕೇ ಮೀಸಲಾದ ಭಾಗವೂ ಉಂಟು. ಮೂರನೆಯ ಮಂಗರಸನ ಕನ್ನಡ 'ಸೂಪಶಾಸ್ತ್ರ'ವಾದರೋ ಶಾಕಾಹಾರದ ಗ್ರಂಥ. ಎರಡನ್ನೂ ಒಂದೇ ನಾಡು ಓದಿತು. 'ಮೀನ'ವೆಂಬ ಸಂಸ್ಕೃತ ಶಬ್ದವೂ ದ್ರಾವಿಡದಿಂದಲೇ ಹೋದುದೆಂದು ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ನಮ್ಮ ರಾಶಿಚಕ್ರದಲ್ಲಿಯೂ ನಮ್ಮದೇ ಮೀನು ಈಜುತ್ತಿದೆ.

ಈ ಪಾಂಡಿತ್ಯವನ್ನೆಲ್ಲ ಹೊತ್ತುಕೊಂಡು ವೈದ್ಯರ ಬಳಿ ಮತ್ತೆ ಹೋದೆ. ಕರಾವಳಿಯವರಾದ ಅವರು ತಾಳ್ಮೆಯಿಂದ ಕೇಳಿದರು. ಮೀನಿಗೆ ಈ ಕೀರ್ತಿ ಬಂದದ್ದು 1970ರ ದಶಕದಲ್ಲಿ, ಡೆನ್ಮಾರ್ಕಿನ ಬ್ಯಾಂಗ್ ಮತ್ತು ಡೈಯರ್‌ಬರ್ಗ್ ಎಂಬವರು ಗ್ರೀನ್‌ಲ್ಯಾಂಡಿನ ಜನರ ರಕ್ತವನ್ನು ಪರೀಕ್ಷಿಸಿದ ಮೇಲೆ. ಅಲ್ಲಿಯವರಿಗೆ ಹೃದ್ರೋಗ ನಿಜಕ್ಕೂ ಅಷ್ಟು ಕಡಿಮೆಯಿತ್ತೇ ಎಂಬ ಪ್ರಶ್ನೆ ಬಳಿಕ ಎದ್ದಿತಾದರೂ, ಮೀನಿನ ಒಮೆಗಾ-3 ಕೊಬ್ಬು ಟ್ರೈಗ್ಲಿಸರೈಡನ್ನು ಇಳಿಸುವುದು ದಿಟ. ಅದು ಎಲ್‌ಡಿಎಲ್ಲನ್ನು ಹೆಚ್ಚಾಗಿ ಇಳಿಸದು. ಬೂತಾಯಿ, ಬಂಗುಡೆಗಳಲ್ಲಿ ಅದು ಧಾರಾಳ. ನಮ್ಮ ಕೆರೆಯ ಕಾಟ್ಲಾದಲ್ಲಿ ಅಲ್ಪ. ಹಾಗಾದರೆ ಹಾಳೆಯಲ್ಲಿ ಬರೆದದ್ದೇಕೆ?

"ತಟ್ಟೆಯಲ್ಲಿ ಮೀನು ಕೂತರೆ ಕೆಟ್ಟ ಕೊಬ್ಬಿಗೆ ಜಾಗವಿಲ್ಲ, ಅದಕ್ಕೆ. ನಿಮ್ಮ ತಟ್ಟೆಯಲ್ಲಿ ಆ ಜಾಗಕ್ಕೆ ಹುರುಳಿ, ಅವರೆ, ಹೆಸರುಕಾಳು ಕೂರಲಿ. ಒಂದು ಚಮಚ ಅಗಸೆ ಸೇರಲಿ," ಎಂದರು. ಅಗಸೆಯಲ್ಲಿಯೂ ಒಮೆಗಾ-3 ಇದೆ, ಆದರೆ ಮೀನಿನ ಜಾತಿಯದಲ್ಲ. ನಮ್ಮ ದೇಹ ಅದರ ಸ್ವಲ್ಪ ಭಾಗವನ್ನು ಮಾತ್ರ ಹಾಗೆ ಮಾರ್ಪಡಿಸಿಕೊಳ್ಳಬಲ್ಲುದು ಎಂಬುದನ್ನೂ ಅವರು ಮುಚ್ಚಿಡಲಿಲ್ಲ.

ಕಠಿನವಾದ ಕೆಲಸ ಇನ್ನೂ ಬಾಕಿಯಿತ್ತು. ಹೊಳಲ್ಕೆರೆ ತಾಲ್ಲೂಕಿನ ನಮ್ಮೂರಿನಲ್ಲಿ ಅವ್ವ ಒಬ್ಬಳೇ ಇದ್ದಾಳೆ. ಒಂದೇ ಎಮ್ಮೆ. ಪ್ರತಿ ತಿಂಗಳೂ ಬಸ್ಸಿನಲ್ಲಿ ನನಗೊಂದು ಡಬ್ಬಿ ತುಪ್ಪ ಬರುತ್ತದೆ. ಕಂಡಕ್ಟರು ಅದನ್ನು ನನ್ನ ಕೈಗೆ ಕೊಡುವಾಗ ಡಬ್ಬಿ ಇನ್ನೂ ಬೆಚ್ಚಗಿರುವುದುಂಟು. ಸಾಲಮಾಡಿಯಾದರೂ ತುಪ್ಪ ತಿನ್ನೆಂದು ಚಾರ್ವಾಕನ ಹೆಸರಿನಲ್ಲಿ ಹೇಳುತ್ತಾರಷ್ಟೆ. ನಾನು ತಿಂದದ್ದು ಸಾಲದ ತುಪ್ಪವಲ್ಲ, ಆದರೂ ತೀರಿಸಲಾಗದ ಋಣವೇ. ಬೇಡವೆಂದು ಅವಳಿಗೆ ಹೇಗೆ ಹೇಳುವುದು?

ಹೇಳಿದೆ. ಜಗಲಿಯ ಮೇಲೆ ಕುಳಿತು, ಅಂಕಿಗಳನ್ನೆಲ್ಲ ಬಿಟ್ಟು ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು: "ನಿಮ್ಮಪ್ಪಂಗೂ ಇದನ್ನೇ ಹೇಳಿದ್ರೇನಪ್ಪ ಡಾಕ್ಟ್ರು? ನನಗೆ ಹೇಳದೆ ಮುಚ್ಚಿಟ್ರಾ?"

"ಇಲ್ಲವ್ವ. ಅಪ್ಪನ ರಕ್ತವನ್ನು ಯಾರೂ ನೋಡಿರಲಿಲ್ಲ. ತುಪ್ಪದಿಂದಲೇ ಆಯಿತೆಂದೂ ಅಲ್ಲ. ಬೀಡಿ ಸೇದುತ್ತಿದ್ದರು, ರಕ್ತದೊತ್ತಡವಿತ್ತೋ ಏನೋ." ನಾನು ಹೇಳಿದ್ದೆಲ್ಲ ನಿಜವೇ. ಆದರೂ ಅವಳು ಸೆರಗಿನಿಂದ ಕೈ ಒರೆಸಿಕೊಳ್ಳುತ್ತಲೇ ಇದ್ದಳು, ಕೈಯಲ್ಲಿ ಜಿಡ್ಡೇನೂ ಇಲ್ಲದಿದ್ದರೂ.

ಮೂರು ತಿಂಗಳ ಮೇಲೆ ಪರೀಕ್ಷೆ ಮಾಡಿಸಿದಾಗ ಎಲ್‌ಡಿಎಲ್ 156ಕ್ಕೂ ಟ್ರೈಗ್ಲಿಸರೈಡ್ 160ಕ್ಕೂ ಇಳಿದಿದ್ದುವು. ಪಥ್ಯದಿಂದ ಇಷ್ಟಾದುದು ಒಳ್ಳೆಯದೇ, ಆದರೆ ತಂದೆಯ ಕತೆಯಿರುವವರಿಗೆ ಇಷ್ಟು ಸಾಲದೆಂದು ವೈದ್ಯರು ರಾತ್ರಿಗೊಂದು ಸ್ಟ್ಯಾಟಿನ್ ಮಾತ್ರೆ ಬರೆದರು. ಪಥ್ಯದ ಬಲದಿಂದಲೇ ಗೆಲ್ಲುವೆನೆಂದಿದ್ದ ನನ್ನ ಹಮ್ಮು ಕೊಂಚ ಮುರಿಯಿತು.

ಆ ವಾರವೇ ಊರಿನಿಂದ ಬಸ್ಸಿನಲ್ಲಿ ಹಳೆಯ ತುಪ್ಪದ ಡಬ್ಬಿ ಬಂದಿತು. ಮುಚ್ಚಳ ತೆಗೆದರೆ ಒಳಗೆ ತುಂಬ ಹುರಿದು ಕುಟ್ಟಿದ ಅಗಸೆಯ ಪುಡಿ. ಬೆಳ್ಳುಳ್ಳಿ, ಒಣಮೆಣಸಿನಕಾಯಿಗಳ ಘಮ. ಮನೆಯವಳು ಅದನ್ನು ಭರಣಿಗೆ ಸುರಿಯುತ್ತಿದ್ದಾಗ ಡಬ್ಬಿಯ ತಳದಲ್ಲಿ ಬಟ್ಟೆ ಸುತ್ತಿದ ಸಣ್ಣ ಸೀಸೆಯೊಂದು ಸಿಕ್ಕಿತು. ಬಿಚ್ಚಿ ಮೂಸಿ ನೋಡಿ, "ಇದು ಮಕ್ಕಳಿಗಂತೆ," ಎಂದಳು. ಚೀಟಿಯೇನೂ ಇರಲಿಲ್ಲ. ಸೀಸೆಯನ್ನು ನನ್ನ ಕೈಗೆಟುಕದ ಮೇಲಿನ ಗೂಡಿನಲ್ಲಿಟ್ಟಳು.